ಕೆಂಪು ನೀರಿನ ಗೋಡೆ ಕಾಯುವ ಪುಟ್ಟತಾಯಕ್ಕ

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಸಾಲು ಬಲಕ್ಕೆ ಹೋಗುತ್ತಾ ಮೇಲಕ್ಕೆ ಏರಿಬಿಡುತ್ತದೆ. ಹತ್ತನೇ ತರಗತಿಯ ಮಧ್ಯದಲ್ಲಿ ಶಾಲೆ ಬಿಟ್ಟವಳು ನಾನು, ದೊಡ್ಡ ಮಾತುಗಳು ಬರುವುದಿಲ್ಲ. ನಮ್ಮ ಪಂಚಾಯಿತಿ ಲೈಬ್ರರಿಯ ಪ್ರತಿಭಾ ಮೇಡಂ ಗೋಡೆ ಪತ್ರಿಕೆಗೆ ನಮ್ಮ ಕಡೆಯವರೊಬ್ಬರ ಬಗ್ಗೆ ಬರೆದುಕೊಡು ಎಂದರು. ಆಗುವುದಿಲ್ಲ ಎನ್ನುವುದಕ್ಕೂ ನಾಚಿಕೆಯಾಗಿ ಹೂಂ ಎಂದೆ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ನಾನು ಬರೆಯುವುದು ಪುಟ್ಟತಾಯಮ್ಮನವರ ಬಗ್ಗೆ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಹೆದ್ದಾರಿಯಲ್ಲಿ ಹೋಗಿ ಬರುವವರೆಲ್ಲ ಅವರನ್ನು ನೋಡಿರುತ್ತೀರಿ. ಸೀರೆಯ ಮೇಲೆ ರೇಡಿಯಂ ಜಾಕೆಟ್, ತಲೆಗೆ ಟವೆಲ್, ಕೈಯಲ್ಲಿ ಒಂದು ಕೆಂಪು ಬಾವುಟ, ಒಂದು ಹಸಿರು. ಬರೆಯಲೇ ಎಂದು ಕೇಳಿದಾಗ ಅವರು ಬೇಡ ಎನ್ನಲಿಲ್ಲ.

"ಬರಿ ಮಗ. ಆದ್ರೆ ಓದ್ದೋರು ಅಯ್ಯೋ ಪಾಪ ಅನ್ನೋ ಅಂಗೆ ಬರೀಬ್ಯಾಡ. ಆದದ್ದ ಬರಿ, ಸಾಕು" ಎಂದರು.

ಅರಕಲಗೂಡು ದಾಟಿ ಪಶ್ಚಿಮಕ್ಕೆ ಹೋಗುವ ರಸ್ತೆ ನಮ್ಮೂರಿನ ಹತ್ತಿರ ಕೆಂಪುದಿಣ್ಣೆಯನ್ನು ಸೀಳಿಕೊಂಡು ಹೋಗುತ್ತದೆ. ರಸ್ತೆ ಅಗಲ ಮಾಡುವಾಗ ದಿಣ್ಣೆಯನ್ನು ನೆಟ್ಟಗೆ, ಗೋಡೆಯ ಹಾಗೆ ಕಡಿದರು. ಆ ಜಾಗಕ್ಕೆ ನಾವೆಲ್ಲ ಕಟಿಂಗ್ ಎನ್ನುತ್ತೇವೆ. ಹೋದ ವರ್ಷ ಆಷಾಢದಲ್ಲಿ ಬಿಡದೆ ಮಳೆ ಹಿಡಿದು ಕಟಿಂಗ್ ಕುಸಿಯಿತು. ಆ ಹೊತ್ತಿನಲ್ಲಿ ಅದರ ಕೆಳಗೆ ಇದ್ದವರು ಪುಟ್ಟತಾಯಕ್ಕನ ಗಂಡ ರಾಮಣ್ಣ ಒಬ್ಬರೇ.

ರಾಮಣ್ಣ ತೋಟಗಳಲ್ಲಿ ತೆಂಗಿನಕಾಯಿ ಕೊಂಡು ಟಿವಿಎಸ್ ಮೇಲೆ ಹೊಳೆನರಸೀಪುರದ ಮಂಡಿಗೆ ಹಾಕುತ್ತಿದ್ದವರು. ಮಣ್ಣು ತೆಗೆದಾಗ ಟಿವಿಎಸ್ ಸಿಕ್ಕಿತು. ಕಾಯಿ ತುಂಬಿದ ಒಂದು ಚೀಲ ಸಿಕ್ಕಿತು. ಒಂದು ಚಪ್ಪಲಿ ಸಿಕ್ಕಿತು. ಅವರು ಸಿಗಲಿಲ್ಲ. ಮೇಲಿನ ಅರ್ಧ ಗುಡ್ಡವೂ ಬಿರುಕು ಬಿಟ್ಟಿದ್ದರಿಂದ, ಹುಡುಕುತ್ತಿದ್ದವರೇ ಸಾಯಬಾರದೆಂದು ಹುಡುಕುವುದನ್ನು ನಿಲ್ಲಿಸಿದರು.

ನಮ್ಮಲ್ಲಿ ಸತ್ತವರಿಗೆ ಮೂರನೇ ದಿನ ಮಣ್ಣು ಮಾಡಿದ ಜಾಗದಲ್ಲಿ ಹಾಲು ತುಪ್ಪ ಬಿಡುತ್ತಾರೆ. ರಾಮಣ್ಣನಿಗೆ ಮಣ್ಣು ಮಾಡಿದವರು ಯಾರೂ ಇಲ್ಲ, ಗುಡ್ಡವೇ ಮಾಡಿತ್ತು. ಊರಿನ ಹಿರಿಯರು ಕೊನೆಗೆ ರಸ್ತೆಯ ಮೇಲೆ ಬಿದ್ದಿದ್ದ ರಾಶಿಯ ಮೇಲೆಯೇ ಹಾಲು ತುಪ್ಪ ಬಿಡಿಸಿದರು. ಬಳೆಯ ವಿಷಯದಲ್ಲಿ ಮಾತ್ರ ಒಮ್ಮತವಾಗಲಿಲ್ಲ. ಹೆಣ ಕಾಣದೆ ಬಳೆ ಒಡೆಯಬಾರದು ಎಂದು ಕೆಲವರು, ಹಾಲು ತುಪ್ಪ ಬಿಟ್ಟ ಮೇಲೆ ಇನ್ನೇನು ಎಂದು ಕೆಲವರು. ಮಾತು ಹಾಗೆಯೇ ನಿಂತುಹೋಯಿತು. ಅಕ್ಕನ ಕೈಯಲ್ಲಿ ಇವತ್ತಿಗೂ ಹಸಿರು ಗಾಜಿನ ಬಳೆ ಇವೆ.

ಆಮೇಲೆ ಟಿಪ್ಪರ್‌ಗಳು ಬಂದವು. ಸ್ವಲ್ಪ ಮಣ್ಣನ್ನು ಹೊಳೆನರಸೀಪುರದ ರಸ್ತೆ ಬದಿಯ ಒಂದು ಹಳ್ಳಕ್ಕೆ ತುಂಬಲು ಹೊತ್ತುಕೊಂಡು ಹೋದವು. ಅಕ್ಕ ಬಸ್ಸಿನಲ್ಲಿ ಅಲ್ಲಿಗೂ ಹೋಗಿ, ಆ ಹಳ್ಳದ ತುಂಬ ಕೋಲಿನಿಂದ ಕೆದಕಿ ನೋಡಿ ಬಂದರು. ಉಳಿದ ಮಣ್ಣನ್ನು ಕಟಿಂಗಿನ ಬುಡದಲ್ಲಿ ಹೊಸ ಕಲ್ಲಿನ ಗೋಡೆ ಕಟ್ಟಿ ಅದರ ಹಿಂದಕ್ಕೆ ತುಂಬಿದರು. ರಾಮಣ್ಣ ಗೋಡೆಯ ಹಿಂದೆ ಇದ್ದಾರೆ ಎಂದು ಆಮೇಲೆ ಎಲ್ಲರೂ ಅಂದುಕೊಂಡೆವು. ಅಕ್ಕನ ತವರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು. ಅವರ ಅಣ್ಣ ಗಾಡಿ ಮಾಡಿಕೊಂಡು ಕರೆಯಲು ಬಂದಿದ್ದರು.

"ಇನ್ಯಾರವ್ರೆ ಅಂತ ಇಲ್ಲಿರ್ತೀಯವ್ವ? ನಡಿ" ಎಂದರಂತೆ.

"ಅತ್ತೆ ಅವ್ರೆ. ಅವ್ರೂ ಇಲ್ಲೇ ಅವ್ರಲ್ಲಣ್ಣ" ಎಂದರಂತೆ ಅಕ್ಕ. ಅಣ್ಣ ಕಾಫಿಯನ್ನೂ ಕುಡಿಯದೆ ಗಾಡಿ ತಿರುಗಿಸಿದರು.

ಈಗ ನಮ್ಮ ಕೆಲಸದ ಬಗ್ಗೆ ಹೇಳುತ್ತೇನೆ. ಕಟಿಂಗಿನಲ್ಲಿ ಅರ್ಧ ರಸ್ತೆ ಮುಚ್ಚಿ ರಿಪೇರಿ ನಡೆಯುತ್ತಿದೆ. ಉಳಿದ ಅರ್ಧದಲ್ಲಿ ಒಂದು ಸಲಕ್ಕೆ ಒಂದು ಕಡೆಯ ಗಾಡಿಗಳು ಮಾತ್ರ ಹೋಗಬೇಕು. ಆ ತುದಿಯಲ್ಲಿ ಅಕ್ಕ, ಈ ತುದಿಯಲ್ಲಿ ನಾನು. ನಡುವೆ ತಿರುವು ಇರುವುದರಿಂದ ಒಬ್ಬರಿಗೊಬ್ಬರು ಕಾಣುವುದಿಲ್ಲ, ಅಕ್ಕನ ತುದಿಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಅದಕ್ಕೆ ಒಂದು ಕೋಲು ಇಟ್ಟುಕೊಂಡಿದ್ದೇವೆ. ಅಕ್ಕ ತನ್ನ ಕಡೆಯ ಗಾಡಿಗಳನ್ನು ಬಿಟ್ಟು, ಕೊನೆಯ ಗಾಡಿಯವರ ಕೈಗೆ ಕೋಲು ಕೊಡುತ್ತಾರೆ. ಅದು ನನ್ನ ಕೈಗೆ ಬಂತೆಂದರೆ ರಸ್ತೆ ಖಾಲಿ ಎಂದು ಅರ್ಥ. ಆಗ ನಾನು ನನ್ನ ಕಡೆಯವರನ್ನು ಬಿಟ್ಟು ಕೋಲನ್ನು ವಾಪಸ್ಸು ಕಳಿಸುತ್ತೇನೆ. ಮಾತಾಡುವ ಅಗತ್ಯವೇ ಇಲ್ಲ, ಅದಕ್ಕೇ ನನಗೆ ಈ ಕೆಲಸ ಹಿಡಿಸಿತು.

ಹಾಲಿನ ಟೆಂಪೋದ ದಿಲೀಪಣ್ಣ ಕೋಲು ಕೊಡುವಾಗಲೆಲ್ಲ ರೇಗಿಸುತ್ತಾರೆ. "ಏನವ್ವ ಮೇಘಶ್ರೀ, ನಿನ್ ಬಾಯ್ಗೆ ಬೀಗ ಜಡಿದವ್ರಾ? ಬೀಗದ ಕೈ ಆ ತುದೀಲಿ ಪುಟ್ಟತಾಯಕ್ಕನ ತಾವ ಐತಾ? ನಾಳೆ ಕೋಲಿನ ಜತೇಲಿ ಅದ್ನೂ ಇಸ್ಕೊಂಡ್ ಬತ್ತೀನಿ ಬಿಡು."

ಇನ್ನೊಂದು ಕೆಲಸ ಗಾಜು ನೋಡುವುದು. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಇರುವ ಕಡೆಯೆಲ್ಲ ಇಂಜಿನಿಯರ್ ಶಶಿಕಿರಣ್ ಸಾರ್ ಗಾಜಿನ ಸಣ್ಣ ಪಟ್ಟಿಗಳನ್ನು ಬಿರುಕಿಗೆ ಅಡ್ಡವಾಗಿ ಸಿಮೆಂಟಿನಲ್ಲಿ ಕೂರಿಸಿದ್ದಾರೆ. ಗೋಡೆ ಸ್ವಲ್ಪ ಅಲುಗಿದರೂ ಗಾಜು ಒಡೆಯುತ್ತದೆ. ಬೆಳಿಗ್ಗೆ ಗಾಡಿಗಳು ಹೆಚ್ಚುವ ಮೊದಲು ನಾವಿಬ್ಬರೂ ನಡೆದು ಎಲ್ಲವನ್ನೂ ನೋಡಿ ಸಾರ್‌ಗೆ ಹೇಳಬೇಕು. ಸಾರ್ ಹಾಸನದವರು, ವಯಸ್ಸು ಚಿಕ್ಕದು, ಯಾರನ್ನೂ ಏಕವಚನದಲ್ಲಿ ಕರೆಯುವುದಿಲ್ಲ.

ಗೋಡೆಯಲ್ಲಿ ಅಲ್ಲಲ್ಲಿ ಪೈಪಿನ ತುಂಡುಗಳನ್ನು ಇಟ್ಟಿದ್ದಾರೆ, ಹಿಂದಿನ ನೀರು ಹೊರಗೆ ಬರಲೆಂದು. ಈ ವರ್ಷ ಮುಂಗಾರು ಹಿಡಿದಾಗ ಎಲ್ಲ ಪೈಪುಗಳಲ್ಲೂ ತಿಳಿ ನೀರು ಸುರಿಯಿತು. ತಿರುವಿನ ಹತ್ತಿರ, ಎದೆಮಟ್ಟದಲ್ಲಿದ್ದ ಒಂದು ಪೈಪಿನಲ್ಲಿ ಮಾತ್ರ ಕೆಂಪು ನೀರು ಬಂತು. ಮಳೆ ನಿಂತರೂ ಅದು ನಿಲ್ಲಲಿಲ್ಲ. ತೆಳ್ಳಗೆ, ಬಿಡದೆ, ಗೋಡೆಯ ಮೇಲೆ ಗೆರೆ ಎಳೆದುಕೊಂಡು ಇಳಿಯುತ್ತಲೇ ಇತ್ತು.

"ಒಳಗೆ ಒರತೆ ಇದೆ. ಕೆಂಪು ಮಣ್ಣು ತೊಳೆದುಕೊಂಡು ಬರ್ತಿದೆ, ಅಷ್ಟೇ" ಎಂದರು ಸಾರ್. ಅದು ಸರಿಯಾದ ಮಾತು. ಆದರೆ ಬೆಳಿಗ್ಗೆ ನಾವು ಗಾಜು ನೋಡುವಾಗ ಬರುವ ಬಸ್ಸು ಅಲ್ಲಿ ನಿಧಾನವಾಗುತ್ತದೆ, ಕಿಟಕಿಯ ಮಾತು ನಮಗೆ ಕೇಳುತ್ತದೆ.

"ಅಗೋ ನೋಡ್ಲಾ, ರಾಮಣ್ಣನ ರಕ್ತ ಕಣ್ಲಾ ಅದು."

"ಸುಮ್ಕಿರ್ಲಾ, ಎಂಡ್ತಿ ಅಲ್ಲೇ ನಿಂತವ್ರೆ."

ಕೆಲವರು ಬಸ್ಸಿನಿಂದಲೇ ಕೈ ಮುಗಿದರು. ಯಾರೋ ಹೂವು ಎಸೆದರು, ಯಾರೋ ನಾಣ್ಯ. ಅಕ್ಕ ಬಾವುಟ ಹಿಡಿದು ಬೇರೆ ಕಡೆ ನೋಡುತ್ತಿದ್ದರು. ಸಂಜೆ ಕೆಲಸ ಮುಗಿಸಿ ಹೋಗುವಾಗ ಆ ಪೈಪಿನ ಮುಂದೆ ಅವರ ನಡಿಗೆ ನಿಧಾನವಾಗುತ್ತಿತ್ತು. ನನ್ನ ನಡಿಗೆ ಜೋರಾಗುತ್ತಿತ್ತು. ಆ ನೀರು ಗೋಡೆಯ ಬುಡದ ಕಲ್ಲಿನ ಮೇಲೆ ಬೀಳುವ ಸದ್ದು ಮನೆಗೆ ಹೋಗಿ ಊಟಕ್ಕೆ ಕೂತರೂ ಕಿವಿಯಲ್ಲಿ ಇರುತ್ತಿತ್ತು.

ಮಾತು ರಾಮಣ್ಣನ ತಾಯಿ ಕಮಲಾಕ್ಷಮ್ಮಜ್ಜಿಯ ಕಿವಿಗೂ ಬಿತ್ತು. ಅಜ್ಜಿಗೆ ಕಣ್ಣು ಮಂಜು, ಆದರೂ ಸೊಸೆಯ ಕೈ ಹಿಡಿದುಕೊಂಡು ಗೋಡೆಯ ತನಕ ಬಂದರು. ಪೈಪಿನ ಕೆಳಗೆ ಅಂಗೈ ಒಡ್ಡಿ, ನೀರನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಅಂಟು ಅಂಟಾಗೈತೆ ಕಣೆ. ನನ್ ಮಗಂಗೆ ಗಾಯ ಇನ್ನೂ ಆರಿಲ್ಲ" ಎಂದರು.

ಅಜ್ಜಿ ಅವತ್ತಿನಿಂದ ಸರಿಯಾಗಿ ಊಟ ಮಾಡಲಿಲ್ಲವಂತೆ. ಕೂತಲ್ಲೇ ಕೂತು, "ಸಣ್ಣೋನಿದ್ದಾಗ ಕಾಲ್ಗೆ ಮುಳ್ ಚುಚ್ಚುದ್ರೂ ಕಟ್ಟು ಅವ್ವ ಕಟ್ಟು ಅಂತ ಅಳೋನು. ಈಗ ಯಾರ್ ಕಟ್ಟೋರು?" ಎನ್ನುತ್ತಿದ್ದರಂತೆ. ಅಕ್ಕ ಒಂದಷ್ಟು ದಿನ ಕೇಳಿಸಿಕೊಂಡರು. ಗುಡ್ಡದ ಕೆಳಗೆ ಸಿಕ್ಕವರಿಗೆ ಎಷ್ಟು ಹೊತ್ತು ಜೀವ ಇರುತ್ತದೆ ಎಂದು ಅವರು ನನ್ನನ್ನು ಒಂದು ಸಲ ಕೇಳಿದ್ದರು.  ಅವರಿಗೆ ಬೇಕಾಗಿದ್ದದ್ದು ಒಂದೇ. ಒಳಗಿರುವ ಮನುಷ್ಯನಿಗೆ ಇನ್ನಾದರೂ ನೋವಾಗಬಾರದು.

ಅಮಾವಾಸ್ಯೆಯ ದಿನ ಕೆಲಸಕ್ಕೆ ರಜೆ ಇತ್ತು. ಅತ್ತೆ ಸೊಸೆ ಇಬ್ಬರೂ ರಾಮಣ್ಣನ ಹಳೆಯ ಪಂಚೆಯನ್ನು ಹರಿದು, ಅರಿಸಿನದ ನೀರಿನಲ್ಲಿ ನೆನೆಸಿ, ಮಗುವಿನ ಗಾಯಕ್ಕೆ ಕಟ್ಟುವ ಹಾಗೆ ಮಡಿಸಿ, ಆ ಪೈಪಿನೊಳಗೆ ಕೈ ಹೋಗುವಷ್ಟು ದೂರ ತುಂಬಿದರು. ಹೊರಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ, ಅಕ್ಕ ಆಮೇಲೆ ಹೇಳಿದ್ದು. ಕೆಂಪು ನೀರು ನಿಂತಿತು. ಅಜ್ಜಿ ಅವತ್ತು ಒಂದು ಮುದ್ದೆ ಪೂರ್ತಿ ಉಂಡರಂತೆ. ಅಕ್ಕನೂ ಮರುದಿನ ಪೈಪಿನ ಮುಂದೆ ನಿಲ್ಲದೆ ನೆಟ್ಟಗೆ ನಡೆದು ಹೋದರು. ಅವರ ಮುಖ ಸ್ವಲ್ಪ ಸಡಿಲವಾಗಿದ್ದದ್ದು ನನಗೆ ನೆನಪಿದೆ.

ಆ ವಾರ ಮಳೆ ಮತ್ತೆ ಹಿಡಿಯಿತು. ಒಂದು ಬೆಳಿಗ್ಗೆ ತಿರುವಿನ ಹತ್ತಿರದ ಗಾಜು ಒಡೆದಿತ್ತು. ಸಾರ್ ಬಂದು ಗೋಡೆಗೆ ಕೆನ್ನೆ ಆನಿಸಿ, ಒಂದೇ ಕಣ್ಣಲ್ಲಿ ಉದ್ದಕ್ಕೆ ನೋಡಿದರು.

"ಗೋಡೆ ಹೊಟ್ಟೆ ಬಿಟ್ಟಿದೆ, ಹಿಂದೆ ನೀರು ಕಟ್ಟಿಕೊಂಡಿದೆ. ಆ ಕೆಂಪು ಪೈಪು ಯಾಕೆ ಒಣಗಿತು? ಒರತೆ ದಾರಿ ಬದಲಾಯಿಸಿತಾ ಏನು?" ಎಂದು ತಮಗೆ ತಾವೇ ಕೇಳಿಕೊಂಡರು. ಹೊಸ ತೂತು ಕೊರೆಯುವ ಮಿಷನ್ ತರಿಸಬೇಕು, ನಾಳೆ ನಾನೇ ಹಾಸನಕ್ಕೆ ಹೋಗುತ್ತೇನೆ, ಅಲ್ಲಿಯವರೆಗೆ ಗಾಜಿನ ಮೇಲೆ ಕಣ್ಣಿಟ್ಟಿರಿ, ಇನ್ನೊಮ್ಮೆ ಒಡೆದರೆ ರಸ್ತೆ ಮುಚ್ಚಿಬಿಡಿ ಎಂದು ನಮಗೆ ಹೇಳಿದರು. ಹೊಸ ಗಾಜು ಕೂರಿಸಿದೆವು. ಸಿಮೆಂಟು ಒತ್ತುವಾಗ ಅಕ್ಕ ಆ ಒಣಗಿದ ಪೈಪಿನ ಕಡೆಗೇ ತಿರುಗಿ ತಿರುಗಿ ನೋಡುತ್ತಿದ್ದರು. ನೀರು ಬಂತೇನೋ ಎಂದು ನೋಡುತ್ತಿದ್ದಾರೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ನೋಡಿದಾಗ ಗಾಜು ಚೆನ್ನಾಗಿತ್ತು. ಸಾರ್ ಹಾಸನಕ್ಕೆ ಹೋದರು, ನಾವು ನಮ್ಮ ನಮ್ಮ ತುದಿಗೆ ಹೋದೆವು. ಹತ್ತು ಗಂಟೆಯ ಹೊತ್ತಿಗೆ ದಿಣ್ಣೆಯ ಮೇಲೆ ಜೋರು ಮಳೆ ಬಂತು. ನಾನು ನನ್ನ ಕಡೆಯ ಗಾಡಿಗಳನ್ನು ಬಿಟ್ಟು ಕೋಲು ಕಳಿಸಿದೆ. ಆಮೇಲೆ ಅದು ವಾಪಸ್ಸು ಬರಲಿಲ್ಲ.

ಗಾಡಿಗಳು ಸಾಲಾಗಿ ನಿಂತವು. ದಿಲೀಪಣ್ಣನ ಟೆಂಪೋ ಮುಂದೆ ಇತ್ತು, ಅದರ ಹಿಂದೆ ಅರಕಲಗೂಡಿನ ಬಸ್ಸು, ತುಂಬ ಜನ. ಕಂಡಕ್ಟರ್ ಇಳಿದು ಬಂದರು.

"ಏನಮ್ಮ, ಹಾಡಹಗಲೇ ನಿದ್ದೆ ಮಾಡ್ತಿದ್ದೀಯಾ? ಬಿಡು ಗಾಡಿನ."

"ಕೋಲು ಬಂದಿಲ್ಲ" ಎಂದೆ. ನನ್ನ ದನಿ ನನಗೇ ಕೇಳಲಿಲ್ಲ.

"ಏನಂದೆ?"

"ಕೋಲ್ ಬಂದಿಲ್ವಂತೆ ಸಾ" ಎಂದರು ದಿಲೀಪಣ್ಣ. "ಇವಳ ತಾವ ಮಾತಾಡಿ ಪ್ರಯೋಜ್ನ ಇಲ್ಲ. ಕೋಲ್ ಬರ್ದೆ ಮಂತ್ರಿ ಬಂದ್ರೂ ಬಿಡಾಕಿಲ್ಲ."

"ಕೋಲಂತೆ ಕೋಲು! ಆ ಕಡೆಯಿಂದ ಒಂದು ಗಾಡೀನೂ ಬರ್ತಿಲ್ಲ, ಕಾಣಲ್ವಾ?" ಎಂದು ಕಂಡಕ್ಟರ್ ಕೂಗಾಡಿದರು. ಬಸ್ಸಿನವನು ಹಾರನ್ ಒತ್ತಿ ಹಿಡಿದ. ನಾನು ಹಗ್ಗ ಎಳೆದು ರಸ್ತೆಗೆ ಅಡ್ಡ ಕಟ್ಟಿ, ಅದಕ್ಕೆ ಕೆಂಪು ಬಾವುಟ ಸಿಕ್ಕಿಸಿದೆ. ಸಾರ್‌ಗೆ ಫೋನ್ ಮಾಡಿದೆ. "ಬಿಡಬೇಡಿ, ಯಾರನ್ನೂ ಬಿಡಬೇಡಿ, ಬರ್ತಿದ್ದೀನಿ" ಎಂದರು. ನನ್ನ ಮುಖ ನೋಡಿ ದಿಲೀಪಣ್ಣ ತಮಾಷೆ ಬಿಟ್ಟರು.

"ನೀನ್ ಓಗ್ ನೋಡ್ಕ ಬಾ ಮಗ. ಅಗ್ಗ ನಾನ್ ಇಡ್ಕತೀನಿ" ಎಂದರು.

ತಿರುವಿನಲ್ಲಿ ಗಾಜು ಎರಡು ತುಂಡಾಗಿತ್ತು. ಅಕ್ಕ ತನ್ನ ಕಡೆಯನ್ನೂ ಹಗ್ಗ ಕಟ್ಟಿ ಮುಚ್ಚಿ ಬಂದಿದ್ದರು. ಗೋಡೆಯ ಮುಂದೆ ನಿಂತು ಆ ಪೈಪಿನೊಳಗೆ ತೋಳು ಹಾಕಿ ಏನನ್ನೋ ಎಳೆಯುತ್ತಿದ್ದರು. ಕಾಲ ಬಳಿ ಕಬ್ಬಿಣದ ಸರಳು ಬಿದ್ದಿತ್ತು. ಮೊದಲು ಅದರಲ್ಲಿ ಕೆದಕಲು ನೋಡಿ, ಯಾಕೋ ಅದನ್ನು ಬಿಟ್ಟು ಕೈಯನ್ನೇ ಹಾಕಿದ್ದರು. ಗೋಡೆಯ ಹೊಟ್ಟೆ ಅವರ ತಲೆಯ ಮೇಲೆ ಬಾಗಿತ್ತು. ಮೇಲಿನ ಕಲ್ಲುಗಳ ಸಂದಿನಿಂದ ಮಣ್ಣು ಉದುರುತ್ತಿತ್ತು.

"ಅಕ್ಕ, ಬಾ ಈಚೆಗೆ!" ಎಂದು ಕೂಗಿದೆ. ನಾನು ಅಷ್ಟು ಜೋರಾಗಿ ಯಾವತ್ತೂ ಕೂಗಿಲ್ಲ.

ಅವರು ತಿರುಗಲಿಲ್ಲ. ಹೆಗಲನ್ನು ಗೋಡೆಗೆ ಒತ್ತಿ ಇನ್ನೊಮ್ಮೆ ಎಳೆದರು. ಅರಿಸಿನ ಬಣ್ಣದ ಒಂದು ಬಟ್ಟೆಯ ಉಂಡೆ ಕಿತ್ತು ಬಂತು. ಅದರ ಹಿಂದೆಯೇ ನೀರು ನುಗ್ಗಿತು. ತೋಳು ದಪ್ಪದ ಕೆಂಪು ನೀರು ಅವರ ಎದೆಗೆ ಬಡಿದು ರಸ್ತೆಯ ಮೇಲೆ ಬೀಳಿಸಿತು. ಸೀರೆ, ಜಾಕೆಟ್, ಮುಖ, ಬಳೆ ಎಲ್ಲ ಒಂದೇ ಬಣ್ಣವಾಯಿತು. ನಾನು ಓಡಿ ಹೋಗಿ ಅವರ ಕಂಕುಳಿಗೆ ಕೈ ಹಾಕಿ ರಸ್ತೆಯ ಆಚೆ ಬದಿಗೆ ಎಳೆದೆ. ಅಲ್ಲಿ ಕೂತು ಅವರು ಬಟ್ಟೆಯನ್ನು ಮಡಿಲಲ್ಲಿ ಹಿಡಿದುಕೊಂಡರು. ನೀರು ಸುರಿಯುತ್ತಲೇ ಇತ್ತು. ಅವರು ಪೈಪನ್ನು ನೋಡುತ್ತಾ ಮೆಲ್ಲಗೆ, ಮನೆಯೊಳಗೆ ಮಾತಾಡುವ ದನಿಯಲ್ಲಿ ಕೇಳಿದರು:

"ನೋವಾಯ್ತಾ?"

ಅದು ನನ್ನನ್ನು ಕೇಳಿದ್ದಲ್ಲ.  ಅವರು ಉತ್ತರಕ್ಕೆ ಕಾಯುವವರ ಹಾಗೆ ಸ್ವಲ್ಪ ಹೊತ್ತು ತಲೆ ವಾಲಿಸಿಕೊಂಡೇ ಇದ್ದರು. ಹಗಲು ಹೊತ್ತು, ತಿರುವಿನ ಎರಡೂ ಕಡೆ ಗಾಡಿಗಳ ಹಾರನ್. ಆದರೂ ಅಲ್ಲಿ ಇರುವುದು ನಾವಿಬ್ಬರೇ ಅಲ್ಲ ಎನ್ನಿಸಿತು.

ಗೋಡೆ ಬೀಳಲಿಲ್ಲ. ನೀರಿನ ಭಾರ ಇಳಿದ ಮೇಲೆ ಮಣ್ಣು ಉದುರುವುದೂ ನಿಂತಿತು. ಮಧ್ಯಾಹ್ನ ಸಾರ್ ಬಂದಾಗ ಅಕ್ಕ ಬಟ್ಟೆಯನ್ನು ಅವರ ಮುಂದೆ ಇಟ್ಟು ಎಲ್ಲವನ್ನೂ ಹೇಳಿದರು.

"ನಿನ್ನೆಯೇ ಯಾಕೆ ಹೇಳ್ಲಿಲ್ಲ ಅಮ್ಮ?" ಎಂದರು ಸಾರ್.

"ಏನಂತ ಏಳ್ಲಿ ಸಾ? ನಿಮ್ ಗೋಡೆಗೆ ನನ್ ಗಂಡನ ಪಂಚೆ ತುರುಕಿವ್ನಿ ಅಂತ್ಲಾ? ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ಕಟ್ ಬಿಚ್ಚುದ್ರೆ ಅವ್ರಿಗೆ ನೋವು. ಬಿಚ್ದೆ ಇದ್ರೆ ಬಸ್ನಲ್ಲಿರೋ ಮಕ್ಳೂ ಅವ್ರ ಪಕ್ಕಕ್ಕೆ ಓಯ್ತವೆ. ಬೆಳಿಗ್ಗೆ ಗಾಜ್ ಒಡೀದೆ ಇದ್ದುದ್ಕೆ ಸುಮ್ಕಾದೆ. ಆಮೇಲೆ ಆ ಮಳೆ ಬಂತಲ್ಲ, ನೋಡಾಕೆ ಓದೆ, ಒಡೆದಿತ್ತು."

ಸಾರ್ ಆ ಬಟ್ಟೆಯನ್ನು ಎತ್ತಿ ಮಡಿಸಿ ಅಕ್ಕನ ಕೈಗೆ ಕೊಟ್ಟರು. ಅವರು ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದು ನಾನು ಹೆದರಿದ್ದೆ. ಅವರು, "ಆ ಜಾಗದಲ್ಲಿ ಗೋಡೆ ಬಿಚ್ಚಿ ಹಿಂದೆ ಹೊಸದಾಗಿ ಜಲ್ಲಿ ತುಂಬಬೇಕು. ಜೆಸಿಬಿ ಹಾಕಿಸಲ್ಲ. ಕೈಯಲ್ಲೇ ತೆಗೆಸ್ತೀನಿ. ನೀವು ಅಲ್ಲೇ ನಿಂತಿರಿ" ಎಂದರು.

ಮಳೆ ಬಿಡುವು ಕೊಟ್ಟಾಗ ಹಾಗೆಯೇ ಮಾಡಿಸಿದರು. ಆಳುಗಳು ಗುದ್ದಲಿ ಎತ್ತಿ ಹಾಕದೆ, ಕೆರೆದು ಕೆರೆದು ಬಾಂಡ್ಲಿಗೆ ಮಣ್ಣು ತುಂಬಿದರು. ಅಕ್ಕ ಪ್ರತಿ ಬಾಂಡ್ಲಿಯನ್ನೂ ಕೆಳಗೆ ಇಳಿಸಿಕೊಂಡು ಕೈಯಾಡಿಸಿ ನೋಡಿದರು. ಬೇರು ಬಂತು, ಕಲ್ಲು ಬಂತು. ಎರಡನೇ ದಿನ ಒಂದು ತೆಂಗಿನಕಾಯಿ ಬಂತು, ಸಿಪ್ಪೆ ಕೊಳೆತು ಕಪ್ಪಾಗಿತ್ತು. ಎಲ್ಲರೂ ಗುದ್ದಲಿ ನಿಲ್ಲಿಸಿದರು. ಅದರಾಚೆ ಮಣ್ಣು ಒದ್ದೆಯಾಗಿ ಹೊಳೆಯುತ್ತಿತ್ತು, ಮೇಲಿನಿಂದ ಚೂರು ಚೂರು ಜಾರುತ್ತಿತ್ತು. ಸಾರ್ ಮೇಲೆ ನೋಡಿದರು, ಅಕ್ಕನನ್ನು ನೋಡಿದರು.

"ಇನ್ನು ಒಳಗೆ ಹೋದ್ರೆ ಗುಡ್ಡ ಬರುತ್ತೆ ಅಮ್ಮ. ನನ್ನ ಕೈಲಿ ಆಗಲ್ಲ" ಎಂದರು. ಅವರ ಕಣ್ಣು ಕೆಂಪಾಗಿದ್ದವು.

ಅಕ್ಕ ಅಗೆದ ಗುಂಡಿಯ ಕಪ್ಪು ಬಾಯಿಯನ್ನು ತುಂಬ ಹೊತ್ತು ನೋಡಿದರು. "ಮುಚ್ಬುಡಿ ಸಾ. ಇವ್ರಿಗೂ ಮನೇಲಿ ಎಂಡ್ರು ಮಕ್ಳು ಅವ್ರೆ" ಎಂದು ಆಳುಗಳ ಕಡೆ ತೋರಿಸಿದರು. ಜಲ್ಲಿ ತುಂಬಿ, ಹೊಸ ಪೈಪು ಇಟ್ಟು, ಕಲ್ಲು ಕಟ್ಟಿದರು. ಕಟ್ಟುವ ತನಕವೂ ಅಕ್ಕ ಅಲ್ಲಿಂದ ಕದಲಲಿಲ್ಲ.

ಸಂಜೆ ಅವರ ಜೊತೆ ನಾನೂ ಮನೆಗೆ ಹೋದೆ. ಕಮಲಾಕ್ಷಮ್ಮಜ್ಜಿ ಜಗುಲಿಯ ಮೇಲೆ ಕೂತಿದ್ದರು. ಅಕ್ಕ ಕಾಯಿಯನ್ನು ಅವರ ಕೈಗೆ ಕೊಟ್ಟರು. ಅಜ್ಜಿ ಅದನ್ನು ಬೆರಳಲ್ಲಿ ಸವರಿ, ಮಗ ಮಂಡಿಗೆ ಒಯ್ಯುವ ಮೊದಲು ಮಾಡುತ್ತಿದ್ದ ಹಾಗೆಯೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮತ್ತೆ ಅಲ್ಲಾಡಿಸಿದರು.

"ನೀರ್ ಇಲ್ಲ ಕಣೆ" ಎಂದರು.

"ಊಂ ಅತ್ತೆ."

"ಕಟ್ ಬಿಚ್ಬುಟ್ಯಾ?"

"ಬಿಚ್ದೆ ಅತ್ತೆ. ಬಿಚ್ಚಲೇಬೇಕಿತ್ತು."

ಅಜ್ಜಿ ಬೈಯುತ್ತಾರೆ ಎಂದು ಅಕ್ಕ ತಲೆ ತಗ್ಗಿಸಿದ್ದರು. ಅಜ್ಜಿ ಕೇಳಿದ್ದು ಬೇರೆ. "ಈಗ ನೀರ್ ಯಾವ್ ಬಣ್ಣ ಬತ್ತೈತೆ?"

ಹೊಸ ಪೈಪಿನಲ್ಲಿ ಆಗಲೇ ನೀರು ಶುರುವಾಗಿತ್ತು. ತಿಳಿ ಎಂದು ಅಕ್ಕ ಹೇಳಬಹುದಿತ್ತು, ಅಜ್ಜಿಗೆ ಕಾಣುವುದಿಲ್ಲ. "ಕೆಂಪೇ ಅತ್ತೆ" ಎಂದರು.

"ಅಂಗಾದ್ರೆ ಅಲ್ಲೇ ಅವ್ನೆ ಬುಡು" ಎಂದರು ಅಜ್ಜಿ. ಕಾಯಿಯನ್ನು ಸೆರಗಿನಲ್ಲಿ ಸುತ್ತಿಕೊಂಡರು. "ಕಟ್ಬ್ಯಾಡ ಇನ್ಮೇಲೆ. ನೀರ್ ಅರೀಲಿ. ಕಟ್ಟುದ್ರೆ ಕೀವಾಯ್ತದೆ. ತೊಳೀತಿರು ದಿನಾ."

ಅವತ್ತಿನಿಂದ ಪುಟ್ಟತಾಯಕ್ಕ ಬೆಳಿಗ್ಗೆ ಗಾಜು ನೋಡುವ ಮೊದಲು ಆ ಪೈಪಿನ ಮುಂದೆ ನಿಲ್ಲುತ್ತಾರೆ. ಜಾಕೆಟ್ ಬಿಚ್ಚಿಟ್ಟು, ತೋಳು ಮಡಿಸಿ, ಒಳಗೆ ಕೂತ ಕೆಸರನ್ನು ಬೆರಳಿನಿಂದ ಮೆತ್ತಗೆ ಕೆರೆದು ತೆಗೆಯುತ್ತಾರೆ. ಸರಳು ಮುಟ್ಟುವುದಿಲ್ಲ. ಪೈಪಿನ ಬಾಯಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಆ ಹೊತ್ತಿನಲ್ಲಿ ಏನೋ ಮಾತಾಡುತ್ತಿರುತ್ತಾರೆ, ನಾನು ದೂರ ನಿಲ್ಲುತ್ತೇನೆ. ಅವರು ಮಾತು ನಿಲ್ಲಿಸಿದಾಗ ಗೋಡೆಯ ಒಳಗಿನಿಂದ ನೀರಿನ ಸದ್ದು ಕೇಳುತ್ತದೆ. ಕೆಲವು ಸಲ ಅವರು ಮಾತಾಡುವಾಗ ಅದು ನಿಂತ ಹಾಗೆ ನನಗೆ ಅನ್ನಿಸಿದೆ. ಅದು ನನ್ನ ಭ್ರಮೆ ಇರಬಹುದು. ಗೋಡೆಯ ಗಾಜು ಮತ್ತೆ ಒಡೆದಿಲ್ಲ.

ಅಜ್ಜಿಯ ಕಣ್ಣಿನ ಆಪರೇಷನ್‌ಗೆ ಅಕ್ಕ ನಾಳೆ ಹಾಸನಕ್ಕೆ ಹೋಗುತ್ತಿದ್ದಾರೆ, ಬರುವುದು ವಾರವಾಗುತ್ತದೆ. ಅವರ ತುದಿಯ ಬಾವುಟಕ್ಕೆ ಬೇರೆಯವರು ಬರುತ್ತಾರೆ. ಪೈಪನ್ನು ಮಾತ್ರ ನನಗೆ ಒಪ್ಪಿಸಿದ್ದಾರೆ. ನನಗೆ ಅದರೊಳಗೆ ಕೈ ಹಾಕಲು ಭಯ. ನಾಳೆ ಬೆಳಿಗ್ಗೆ ಗಾಡಿಗಳು ಬರುವ ಮೊದಲು ಹೋಗಿ, ಕೈ ಹಾಕಿ, ಕೆಸರು ತೆಗೆದು, ತೊಳೆದು ಬರುತ್ತೇನೆ.